ಚಿಪ್ಪಿನೊಳಗಿನ ತುಳಸಿ

"ಬೇಡ ಅಂತ ನಾನೆಲ್ಲಿ ಅಂದೆ? ಹೋಗೋದಾದ್ರೆ ಹೋಗು. ಆ ಚೀಲ ಯಾಕೆ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ದೀಯ, ನಾನೇನು ಪೊಲೀಸಾ?" ಅಂದ್ರು ಗುರುಗಳು.

ಮುನಿವೆಂಕಟ ಇನ್ನೂ ಬಾಯೇ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತು, ಹೇಗಪ್ಪಾ ಕೇಳೋದು ಅಂತ ಒದ್ದಾಡ್ತಿದ್ದ ಅಷ್ಟೆ. ಈ ಪುಟ್ಟ ಆಶ್ರಮ ಬಿಟ್ಟು ಬೆಟ್ಟದ ಸ್ವಾಮಿಗಳ ಮಠ ಸೇರಬೇಕು ಅನ್ನೋದು ಅವನಾಸೆ. ಅಲ್ಲಿ ಸ್ವಲ್ಪ ದಿನ ಇದ್ದು ಬಂದವನ ಹಿಂದೆ ಊರಿಗೆ ಊರೇ ಬೀಳ್ತದೆ. ಇಲ್ಲಿ ಇವನ ಹಿಂದೆ ಬರೋದು ಆಶ್ರಮದ ಮೇಕೆ ಒಂದೇ, ಅದೂ ಬಾಳೆಹಣ್ಣಿನ ಸಿಪ್ಪೆಗೆ.

ಹೇಗೂ ಸಿಕ್ಕಿಬಿದ್ದಾಯ್ತಲ್ಲ ಅಂತ ಧೈರ್ಯ ಮಾಡಿದ. "ಅಷ್ಟೊಂದು ಜನ ಹುಡುಕ್ಕೊಂಡು ಹೋಗ್ತಾರೆ ಅಂದ್ಮೇಲೆ ಅಲ್ಲಿ ಏನೋ ಇರಲೇಬೇಕಲ್ವಾ ಗುರುಗಳೇ?"

"ಇದೆ. ಕೂತ್ಕೋ" ಅಂತ ಅವರು ಕತೆ ಶುರುಮಾಡಿದ್ರು.

ಒಬ್ಬ ತೋಟಗಾರ. ಅವನ ಮಾವಿನಹಣ್ಣು ಮೇಲೆ ನೋಡಿದ್ರೆ ಚಿನ್ನ, ಕೊಯ್ದ್ರೆ ಹುಳ. ಹಣ್ಣೊಳಗೆ ಮೊಟ್ಟೆ ಇಡೋ ಹಣ್ಣುನೊಣದ ಕೆಲಸ. ಔಷಧಿ ಹೊಡೆದ. ಔಷಧಿ ಸಿಪ್ಪೆ ಮೇಲೆ, ಹುಳ ಒಳಗೆ. ಎರಡಕ್ಕೂ ಭೇಟಿಯೇ ಆಗಲಿಲ್ಲ. ಕೊನೆಗೆ ಯಾರೋ ಹೇಳಿದ್ರು ಅಂತ ಕಟ್ಟೆ ಮೇಲಿನ ತುಳಸೀನೇ ಕಿತ್ತು ಅರೆದ. ದೇವರೆಲೆ ಹಿಡ್ಕೊಂಡು ಜೀವ ತೆಗೀತೀಯೇನೋ ಅಂತ ಅವನಮ್ಮ ಮುನಿಸ್ಕೊಂಡ್ಲು. ಅನ್ನ ಬಡಿಸಿದ್ಲು, ಮಾತು ಬಿಟ್ಲು. ಅವನು ರಸವನ್ನ ತೆಂಗಿನ ಚಿಪ್ಪುಗಳಿಗೆ ಹಾಕಿ, ಚೂರು ವಿಷ ಬೆರೆಸಿ, ಮರಮರಕ್ಕೂ ನೇತುಹಾಕಿದ.

ಬಂದವು ನೋಡು. ಎರಡು ಮಾರು ಆಚೆ ನಿಂತ್ರೆ ತೋಟಗಾರನ ಮೂಗಿಗೆ ಏನೂ ಹತ್ತಲ್ಲ. ಅಕ್ಕಿಕಾಳಿನಷ್ಟಿರೋ ನೊಣಕ್ಕೆ ಪಕ್ಕದ ತೋಪಿಂದಲೇ ಸುಳಿವು ಹತ್ತಿತ್ತು. ಅದಕ್ಕೆ ಮೂಗೂ ಇಲ್ಲ. ತಲೆ ಮೇಲಿನ ಎರಡು ಮೀಸೆಯಲ್ಲೇ ವಾಸನೆ ಹಿಡಿದು, ಗಾಳಿಗೆ ಎದುರಾಗಿ, ದಾರಿ ತಪ್ಪಿದ್ರೆ ಹೊರಳಿ, ಮತ್ತೆ ಹಿಡಿದು ಬಂತು. ಬಂದದ್ದೆಲ್ಲ ಗಂಡು. ಆ ರಸ ಕುಡಿದ ಗಂಡಿಗೆ ಅತ್ತರು ಬಳ್ಕೊಂಡ ಮದುಮಗನ ಗತ್ತು, ಹೆಣ್ಣುಗಳು ಅದನ್ನೇ ಹುಡುಕ್ಕೊಂಡು ಬರ್ತವೆ. ಆ ಆಸೆಗೆ ಬಂದವು, ಕುಡಿದವು, ಚಿಪ್ಪಲ್ಲೇ ಉಳಿದವು. ಗಂಡೇ ಇಲ್ಲದ ಮೇಲೆ ಹೆಣ್ಣಿಟ್ಟ ಮೊಟ್ಟೆ ಒಡೀಲಿಲ್ಲ. ಹಣ್ಣು ಉಳೀತು.

ತೋಟಗಾರನಿಗೆ ಮಾತ್ರ ಗೆದ್ದೆ ಅನ್ನಿಸ್ಲಿಲ್ಲ. ಇಷ್ಟು ಸಣ್ಣ ಜೀವಕ್ಕೆ ಇಷ್ಟು ದೊಡ್ಡ ಅರಿವಾ ಅಂತ ಮರದ ಕೆಳಗೆ ನಿಂತು ಕೈ ಮುಗಿದ. ಕೈಯಲ್ಲಿನ್ನೂ ತುಳಸಿ ವಾಸನೆ. ಮುಗಿದ ಕೈ ಮೇಲೂ ನೊಣಗಳು ಬಂದು ಕೂತವು.

ಮುನಿವೆಂಕಟ ತನ್ನ ಕೈಯನ್ನೇ ಒಂದ್ಸಲ ಮೂಸಿ ನೋಡ್ಕೊಂಡ. ಆಮೇಲೆ ಚೀಲ ತೊಡೆ ಮೇಲಕ್ಕೆ ಎಳ್ಕೊಂಡು ಅಂದ: "ಪಾಪ. ಆದ್ರೂ ನೊಣ ನೊಣಾನೇ ಗುರುಗಳೇ, ಸುಳ್ಳು ವಾಸನೆಗೆ ಮೋಸ ಹೋಯ್ತು. ನಾನು ಹಾಗಲ್ಲ, ನಿಜ ಯಾವ್ದು ಅಂತ ನೋಡ್ಕೊಂಡೇ ಹೋಗ್ತೀನಿ."

ಗುರುಗಳು ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡ್ರು.

"ಅದು ನಿಜವಾದ ತುಳಸೀನೇ ಕಣೋ."

ಗುರುಗಳು ಮೇಕೆಗೆ ನೀರಿಡೋಕೆ ಅಂತ ಆಚೆ ಹೋಗಿ, ಬಾಗಿಲು ಎಳ್ಕೊಂಡ್ರು.