ಹಗ್ಗ ಹಿಡಿದವನ ಕೈ

"ಗುರುಗಳೇ, ದೇವರು ಮಾಡಿದ ಸಿಹಿಯೂ ಮೈಗೆ ಹತ್ತುತ್ತದೆಯೇ?" ಎಂದು ನಂಜಯ್ಯ ಕೇಳಿದ.

ನಂಜಯ್ಯ ಮಠದ ಅಡಿಗೆಯವನು. ಮೈ ಇಳಿಸದಿದ್ದರೆ ಮಂಡಿ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ ದಿನವೇ ಅವನು ಸಕ್ಕರೆ ಡಬ್ಬ ಮುಚ್ಚಿದ್ದ. ಅಂದಿನಿಂದ ಪಾಯಸಕ್ಕೆ ಬೆಲ್ಲ, ಹುಗ್ಗಿಗೆ ಖರ್ಜೂರ, ದೋಸೆಗೆ ಜೇನು. ರುಚಿ ನೋಡುವ ನೆಪದಲ್ಲಿ ಬಟ್ಟಲುಗಟ್ಟಲೆ ಒಳಗೆ ಹೋಗುತ್ತಿತ್ತು. ಆರು ತಿಂಗಳಾದರೂ ಮೈ ಇಳಿಯಲಿಲ್ಲ, ಇನ್ನೂ ಏರಿತ್ತು. ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಊಟದ ನಂತರ ಗುರುಗಳ ಬಳಿ ಕೂತಾಗ, ಎಪ್ಪತ್ತು ದಾಟಿದ ಅವರೇ ಕೈ ಕೊಟ್ಟು ಎಬ್ಬಿಸುತ್ತಿದ್ದರು. ಅಂದು ಗುರುಗಳ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ನಂಜಯ್ಯ ಅದನ್ನು ನೋಡಿದ, ಕೇಳಲಿಲ್ಲ. ಅವನ ತಲೆಯಲ್ಲಿ ಅವನ ಪ್ರಶ್ನೆಯೇ ತುಂಬಿತ್ತು.

ಗುರುಗಳು ಕತೆ ಹೇಳಿದರು.

ಒಂದು ಕಾಡಿನಲ್ಲಿ ಒಬ್ಬ ಜೇನುಗಾರನಿದ್ದ. ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಯಿಂದ ಇಳಿದು ಹೆಜ್ಜೇನು ಬಿಡಿಸುವುದು ಅವನ ಕೆಲಸ. ಮೇಲೆ ನಿಂತು ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕು. ಸ್ವಂತ ಅಣ್ಣತಮ್ಮಂದಿರಿಗೆ ಆಸ್ತಿಯ ಆಸೆ ಹುಟ್ಟೀತು. ಅಕ್ಕನ ತಾಳಿ ಉಳಿಯಲಿ ಅನ್ನುವವನು ಹಗ್ಗ ಬಿಡುವುದಿಲ್ಲ.

ಇಳಿಯುವ ಮೊದಲು ಒಂದು ಪರೀಕ್ಷೆ ಇತ್ತು. ಮರದ ಕೊಂಬೆಯ ಮೇಲೆ ಹಗ್ಗ ಹಾಕಿ, ಒಂದು ತುದಿಗೆ ಕಲ್ಲು ಕಟ್ಟಿ, ಇನ್ನೊಂದು ತುದಿಗೆ ಜೇನುಗಾರ ಜೋತುಬೀಳಬೇಕು. ಕಲ್ಲು ಮೇಲೇಳದಿದ್ದರೆ ಇಳಿಯಬಹುದು. ಆ ಕಲ್ಲನ್ನು ಆರಿಸುವವನು ಬಾಮೈದ. ತನ್ನ ಕೈ ಎಷ್ಟು ಭಾರ ತಡೆದೀತು ಎಂದು ಅವನಿಗಲ್ಲವೇ ಗೊತ್ತು?

ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ? ಇವನು ಕೈ ನೆಕ್ಕಿ ಸುಮ್ಮನಾಗಲಿಲ್ಲ. ಸಕ್ಕರೆ ಬಿಟ್ಟರೆ ಮೈ ಹಗುರ, ಜೇನು ತಿಂದರೆ ಕೊಬ್ಬು ಕರಗುತ್ತದೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಸಕ್ಕರೆ ಬಿಟ್ಟ. ಅಂಬಲಿಗೂ ಜೇನು, ರೊಟ್ಟಿಗೂ ಜೇನು. ವ್ರತ ಹಿಡಿದವನಂತೆ ಶ್ರದ್ಧೆಯಿಂದ ತಿಂದ.

ಜೇನಿನ ಕಾಲ ಬಂತು. ಅವನು ಹಗ್ಗಕ್ಕೆ ಜೋತುಬಿದ್ದ. ಕಲ್ಲು ಸರ್ರನೆ ಕೊಂಬೆಯವರೆಗೆ ಹೋಯಿತು.

"ಏನು ತಿಂದೆ ಭಾವ?" ಎಂದು ಬಾಮೈದ ಕೇಳಿದ.

"ಸಕ್ಕರೆ ಮುಖ ನೋಡಿಲ್ಲ ಕಣಪ್ಪ, ನಿಮ್ಮಕ್ಕನಾಣೆ! ಬರೀ ಜೇನು. ಜೇನು ಅಂದ್ರೆ ಔಷಧಿ."

"ಇರಬಹುದು ಭಾವ. ಆದರೆ ನೀನು ಏನು ತಿಂದೆ ಅಂತ ನನ್ನ ಕೈಗೆ ಗೊತ್ತಾಗಲ್ಲ. ಎಷ್ಟು ತಿಂದೆ ಅಂತ ಮಾತ್ರ ಗೊತ್ತಾಗುತ್ತೆ."

ಬಾಮೈದ ಎರಡೂ ಅಂಗೈ ಚಾಚಿದ. ಹಿಂದಿನ ವರ್ಷ ಕಲ್ಲು ಒಂದು ಗೇಣು ಎದ್ದಿತ್ತು. ಭಾವನಿಗೆ ಬೇಜಾರಾದೀತು ಎಂದು ಅವನು ಬಾಯಿ ಬಿಡದೆ ಇಳಿಸಿದ್ದ. ಹಗ್ಗ ಅಂಗೈಯ ಚರ್ಮ ಸುಲಿದ ಗುರುತು ಇನ್ನೂ ಮಾಸಿರಲಿಲ್ಲ. ಜೇನುಗಾರ ಆ ಕೈಗಳನ್ನು ನೋಡಿದ. ನಾಚಿಕೆಯಿಂದ ತಲೆ ತಗ್ಗಿಸಿ ಸೊಂಟದ ಹಗ್ಗ ಬಿಚ್ಚಿದ.

ಮನೆಗೆ ಹೋಗಿ ಜೇನಿನ ಗಡಿಗೆಯನ್ನು ಹೆಂಡತಿಯ ಕೈಗೆ ಕೊಟ್ಟ. ಅಂದಿನಿಂದ ದಿನಕ್ಕೆ ಒಂದು ಬೆರಳು ಜೇನು, ಅದೂ ಅವಳು ಕೊಟ್ಟರೆ. ಸೊಪ್ಪು, ಹುರುಳಿ ತಿಂದ, ಕಾಡು ಸುತ್ತಿದ. ಆ ವರ್ಷದ ಮೊದಲ ಹೂವಿನ ಕಾಲದ ಜೇನು ಕೈತಪ್ಪಿತು. ಎರಡನೆಯ ಹೂವಿನ ಹೊತ್ತಿಗೆ ಕಲ್ಲು ಮಿಸುಕಲಿಲ್ಲ.

ಬಂಡೆಯ ಮುಖದಲ್ಲಿ ತೂಗಾಡುತ್ತಾ ಅವನು ಹೊಸ ಜೇನನ್ನು ಒಂದು ಬೆರಳು ನೆಕ್ಕಿದ. ನೇರಳೆ ಹೂವಿನದು! ಇಷ್ಟು ವರ್ಷ ಗಡಿಗೆಗಟ್ಟಲೆ ತಿಂದಾಗ ನಾಲಿಗೆಗೆ ಬರೀ ಸಿಹಿ ಗೊತ್ತಿತ್ತು, ಹೂವು ಗೊತ್ತಿರಲಿಲ್ಲ. ಅವನಿಗೆ ಅಲ್ಲೇ ನಗು ಬಂತು. ಮೇಲೆ ಬಾಮೈದ ಹಗುರವಾದ ಹಗ್ಗ ಹಿಡಿದು ಹಾಡು ಗುನುಗುತ್ತಿದ್ದ.

ಗುರುಗಳು ಕತೆ ಮುಗಿಸಿದರು. ನಂಜಯ್ಯನಿಗೆ ಕತೆ ಬಹಳ ಹಿಡಿಸಿತು. ಒಲೆಯ ಮೇಲಿಟ್ಟು ಬಂದ ಬೆಲ್ಲದ ಪಾಯಸವೂ ನೆನಪಾಯಿತು.

"ಹಾಗಾದರೆ ನನ್ನಂಥವನಿಗೆ ಅಳತೆಯ ಕಲ್ಲು ಎಲ್ಲಿದೆ ಗುರುಗಳೇ?" ಎಂದ.

ಗುರುಗಳು ಎದ್ದು ನಿಂತು, ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈ ಚಾಚಿದರು.

"ಏಳಪ್ಪ, ನಿನ್ನೆ ನಿನ್ನನ್ನು ಎಬ್ಬಿಸುವಾಗ ಬಲಗೈ ಉಳುಕಿತು, ಇವತ್ತು ಎಡಗೈ ಹಿಡಿ."