ಬಳಚು ತಿರುಗಿ ಬಂದ ವರ್ಷ

ತುಳಸಜ್ಜಿಯ ಕಾಲ್ಬೆರಳಿಗೆ ಕಣ್ಣಿತ್ತು. ಕೊಲ್ಲಿಯಲ್ಲಿ ಸೊಂಟಮಟ್ಟ ನೀರಿಗಿಳಿದು ಕೆಸರು ಮೆಟ್ಟಿದರೆ ಸಾಕು, ಬಳಚು ಎಂಬ ಚಿಪ್ಪುಮೀನು ಎಷ್ಟಿದೆ, ಹುಳ ಎಷ್ಟಿದೆ, ಯಾವ ಏಡಿ ಬಸುರಿ, ಎಲ್ಲ ಹೇಳುತ್ತಿದ್ದಳು. ಅವಳು ಬಂದರೆ ಏಡಿಗಳೇ ದಾರಿ ಬಿಡುತ್ತಿದ್ದವು. ಸುಳ್ಳೆನ್ನುವವರು ನನ್ನ ಹತ್ತಿರ ಬರಲಿ.

ಅವಳಿಗೊಬ್ಬ ಶಿಷ್ಯ, ಮಂಕಾಳ. ಬಳಚು ಯಾವಾಗ ಹೆಕ್ಕಬೇಕು, ಎಷ್ಟು ಹೆಕ್ಕಬೇಕು ಎಂದು ಕೇರಿಗೆ ಮಾತು ಕೊಡುವವಳು ಅಜ್ಜಿ. ಇನ್ನು ಮುಂದೆ ಅವನು ಕೊಡಬೇಕು. ನಲವತ್ತು ಮನೆಯ ಒಲೆ ಉರಿಯುವುದು ಆ ಮಾತಿನ ಮೇಲೆ.

ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ಮರುದಿನ ಅಜ್ಜಿ ಅವನನ್ನು ನೀರಿಗಿಳಿಸಿದಳು. ಅವನು ಮಧ್ಯಾಹ್ನದವರೆಗೆ ಮೆಟ್ಟಿದ. ಮೇಲೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಅಜ್ಜೀ, ಕೊಲ್ಲಿ ಸತ್ತಿದೆ. ಒಂದು ಚಿಪ್ಪಿಲ್ಲ. ಎರಡು ಹುಳ, ಅಷ್ಟೇ."

"ಕೇರಿಗೆ ಎಂತ ಹೇಳ್ತೆ?"

"ಸಿಗಡಿ ಸಾಕುವ ಕೆರೆಯವರು ನಮ್ಮ ದಂಡೆ ಕೇಳ್ತಾ ಇದ್ದಾರಲ್ಲ, ಕೊಟ್ಟುಬಿಡಿ ಅಂತೇನೆ."

"ಒಳ್ಳೇದು. ಶಿವರಾತ್ರಿಗೆ ಹೇಳು."

"ಅಲ್ಲಿವರೆಗೆ?"

"ದಿನಾ ಕೊಲ್ಲಿ ನೀರು ನಾಲಿಗೆಗೆ ಹಚ್ಚು."

ಹಚ್ಚಿದ. ಮೊದಲು ಹೊಳೆನೀರಿನ ಹಾಗೆ ಸಪ್ಪೆ. ದೀಪಾವಳಿಗೆ ಒಂದಿಷ್ಟು ಉಪ್ಪು. ಸಂಕ್ರಾಂತಿಗೆ ಬಾಯಲ್ಲಿಡಲಾಗದಷ್ಟು ಉಪ್ಪು.

ಶಿವರಾತ್ರಿಗೆ ಕಾಲಿಟ್ಟರೆ ಚಿಪ್ಪಿನ ಮೇಲೆ ಚಿಪ್ಪು. ದೋಣಿಯ ಹುಟ್ಟು ಊರಿದರೆ ಟಣ್ ಎನ್ನುತ್ತಿತ್ತು, ಆಚೆ ಊರಿಗೆ ಕೇಳುವ ಹಾಗೆ.

ಮಂಕಾಳ ಒದ್ದೆ ಬಟ್ಟೆಯಲ್ಲೇ ಓಡಿ ಬಂದ.

"ತಿಳೀತು ಅಜ್ಜೀ! ಮಳೆನೀರು ಕೊಲ್ತದೆ, ಉಪ್ಪುನೀರು ಹುಟ್ಟಿಸ್ತದೆ. ಹೋದದ್ದೆಲ್ಲ ತಿರುಗಿ ಬರ್ತದೆ. ಈ ಸಲ ಮರಿ ಗಿರಿ ಅಂತ ನೋಡದೆ ಬಾಚಿ ತೆಗೀರಿ ಅಂತ ಕೇರಿಗೆ ಹೇಳ್ತೇನೆ."

"ಶ್ರಾವಣದಲ್ಲಿ ಹೆಣ ಹೊರಲಿಕ್ಕೆ ನಿಂತವ, ಮಾಘದಲ್ಲಿ ಬಾಣಂತನಕ್ಕೆ ನಿಂತ್ಯಲ್ಲ ಮಾರಾಯ," ಎಂದು ನಕ್ಕಳು ಅಜ್ಜಿ.

ಅವನ ಕೈಗೆ ಗುದ್ದಲಿ ಕೊಟ್ಟು ಹಳೇ ಸುಣ್ಣದ ಭಟ್ಟಿಯ ಹತ್ತಿರ ಕರೆದೊಯ್ದಳು. ಸುಡಲೆಂದು ಮುತ್ತಜ್ಜಿಯ ಕಾಲದಿಂದ ಸುರಿದ ಚಿಪ್ಪಿನ ರಾಶಿ ಅಲ್ಲಿ ಗುಡ್ಡದಂತೆ ಬಿದ್ದಿತ್ತು.

"ಅಗೆ."

ಮೇಲೆಲ್ಲ ಸಣ್ಣ ಬಿಳಿ ಚಿಪ್ಪು, ಕೊಲ್ಲಿಯಲ್ಲಿ ಈಗಿರುವಂಥದ್ದೇ. ಮೊಣಕಾಲಾಳಕ್ಕೂ ಅದೇ. ಎದೆಯಾಳಕ್ಕೆ ಹೋದಾಗ ಗುದ್ದಲಿಗೆ ಬೇರೆ ಸದ್ದು. ಅಂಗೈಯಗಲದ ಕಪ್ಪು ಚಿಪ್ಪು. ಅದರ ಕೆಳಗೆ ಬರೀ ಅದೇ.

"ಇದು ಎಂತದು ಅಜ್ಜೀ? ಇಷ್ಟು ದೊಡ್ಡದು ನಾನು ಕಂಡೇ ಇಲ್ಲ."

"ನಾನು ಮದುವೆಯಾಗಿ ಬಂದಾಗ ಕೊಲ್ಲಿ ತುಂಬ ಇದೇ."

ದಂಡೆಯಲ್ಲಿ ಕೇರಿಯವರು ಬುಟ್ಟಿ ಹಿಡಿದು ನಿಂತಿದ್ದರು. "ಮಂಕಾಳಾ, ನೀರು ಇಳೀತಾ ಇದೆ. ಮಾತು ಕೊಡೋ!" ಎಂದು ಒಬ್ಬಳು ಕೂಗಿದಳು.

ಮಂಕಾಳ ಅತ್ತ ತಿರುಗಲಿಲ್ಲ. "ಇದೆಲ್ಲ ಎಲ್ಲಿ ಹೋಯ್ತು?"

ಅಜ್ಜಿ ಒಂದು ಕಪ್ಪು ಚಿಪ್ಪನ್ನು ಸೆರಗಿನಲ್ಲಿ ಒರೆಸಿ ಅವನ ಅಂಗೈಯಲ್ಲಿಟ್ಟಳು.

"ಒಂದು ವರ್ಷ ಈ ಕಪ್ಪು ಬಳಚು ಕಡಿಮೆ ಬಂತು. ಇದ್ದದ್ದನ್ನು ಬಾಚಿ ತೆಗೀರಿ, ಶಿವರಾತ್ರಿಗೆ ತಿರುಗಿ ಬರ್ತದೆ ಅಂತ ಕೇರಿಗೆ ಮಾತು ಕೊಟ್ಟವಳು ನಾನೇ."