ಸಪ್ಪಳವಿಲ್ಲದ ಬೆಳಕು

ಮಲಪ್ರಭೆಯ ದಂಡೆಯಲ್ಲಿ ಚರಂತಯ್ಯ ಎಂಬ ಗುರುಗಳು ಹಾಡು ಕಲಿಸಿಕೊಂಡಿದ್ದರು. ಹೊಗಳುವುದರಲ್ಲಿ ಮಹಾ ಜಿಪುಣರು.

ಅವರ ಶಿಷ್ಯ ಫಕೀರೇಶ ಹಾಡಲು ಕರೆ ಬಂದು ಉತ್ತರದ ಹಿಮದ ನಾಡಿಗೆ ಹೋದ. ಅಲ್ಲಿ ಒಂದು ರಾತ್ರಿ ಆಕಾಶದ ತುಂಬ ಹಸಿರು ಬೆಳಕು ಕುಣಿಯುವುದನ್ನು ಕಂಡ. ತಿರುಗಿ ಬಂದವನೇ ಆ ಬೆಳಕಿಗೆಂದೇ ಒಂದು ಹೊಸ ರಾಗ ಕಟ್ಟಿದ. ಊರೂರಲ್ಲಿ ಹಾಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆದರೂ ಒಂದು ಸಂಜೆ ತಂಬೂರಿ ಹೊತ್ತುಕೊಂಡು ಬಂದು ಗುರುಗಳ ಮುಂದೆ ಕೂತ. ಮುಖದಲ್ಲಿ ಕಳೆಯೇ ಇರಲಿಲ್ಲ.

“ಗುರುಗಳ, ಈ ತಂಬೂರಿ ನೀವ ಇಟ್ಕೋರಿ. ಇನ್ನ ನಾ ಹಾಡಂಗಿಲ್ಲ.”

“ಯಾಕೋ? ದನಿ ಕೆಟ್ಟತೇನು?”

“ದನಿ ಛಲೋ ಐತ್ರಿ. ಕಂಡದ್ದು ಹಾಡಿನೊಳಗ ಬರವಲ್ದು. ಎಷ್ಟ ಹಾಡಿದ್ರೂ ಸುಳ್ಳು ಹೇಳಿದಂಗ ಆಗ್ತೈತಿ.”

“ಮೊದಲ ಹಾಡು, ನೋಡೂಣು.”

ಫಕೀರೇಶ ಹಾಡಿದ. ತಾನ್‌ಗಳು ಮೇಲಕ್ಕೇರಿದವು, ಕೆಳಕ್ಕೆ ಧುಮುಕಿದವು, ಸುರುಳಿ ಸುತ್ತಿದವು. ಉಸಿರಾಡಲು ಪುರುಸೊತ್ತಿರಲಿಲ್ಲ, ಹಾಡುವವನಿಗೂ ಕೇಳುವವರಿಗೂ. ಮುಗಿಸುವಷ್ಟರಲ್ಲಿ ಬೆವೆತುಹೋಗಿದ್ದ.

ಗುರುಗಳು ಶಾಭಾಸ್ ಅನ್ನಲಿಲ್ಲ. ಮಗುವಿನ ಹಾಗೆ ಮುಂದಕ್ಕೆ ಬಾಗಿ ಕೇಳಿದರು.

“ಹೆಂಗಿತ್ತೋ ಆ ಬೆಳಕು?”

“ಒಣಹಾಕಿದ ಹಸಿರು ಸೀರಿ ಗಾಳಿಗೆ ಹಾರಿದಂಗ್ರಿ. ಆದರ ಆಕಾಶದಷ್ಟ ದೊಡ್ಡದು.”

“ಸಪ್ಪಳ ಮಾಡ್ತಿತ್ತೇನು?”

“ಇಲ್ರಿ. ಇಡೀ ಆಕಾಶ ಅಲ್ಲಾಡಾಕತ್ತಿತ್ತು, ಒಂದೀಟೂ ಸಪ್ಪಳ ಇರಲಿಲ್ಲ.”

“ಅಬ್ಬಬ್ಬಾ!” ಗುರುಗಳ ಮೈ ಜುಮ್ಮೆಂದಿತು. ಇನ್ನಷ್ಟು ಹತ್ತಿರ ಸರಿದು ಕೇಳಿದರು.

“ಆವಾಗ ನೀ ಏನ ಮಾಡಿದಿ?”

“ನಾ ಏನ ಮಾಡ್ಲಿರಿ? ಬಾಯಿ ತಗದು ನಿಂತೆ. ಉಸಿರಾಡೂದ ಮರ್ತಿದ್ದೆ. ಅಳು ಬಂತು. ನಾ ಯಾರು ಅನ್ನೂದೂ ನೆನಪಿರಲಿಲ್ಲ.”

“ಈ ಹಾಡಿನೊಳಗ ಅಂವಾ ಎಲ್ಲದಾನ?”

“ಯಾರ್ರೀ?”

“ಬಾಯಿ ತಗದು ನಿಂತಾಂವ.”

ಫಕೀರೇಶನಿಗೆ ಸಿಟ್ಟು ಬಂತು.

“ಸುಮ್ಮನ ನಿಂತಾಂವನ್ನ ಹಾಡೂದು ಹೆಂಗ್ರಿ?”

“ನಸುಕಿನ್ಯಾಗ ಹೊಳಿಗೆ ಬಾ. ತಂಬೂರಿ ತಗೊಂಡ ಬಾ.”

ನಸುಕಿನಲ್ಲಿ ಇಬ್ಬರೂ ಮೂಡಣಕ್ಕೆ ಮುಖ ಮಾಡಿ ಹೊಳೆಯ ದಂಡೆಯಲ್ಲಿ ಕೂತರು. ಫಕೀರೇಶ ತಂಬೂರಿ ಮೀಟಿದ. ಗುರುಗಳು ಭೈರವ ರಾಗ ಶುರು ಮಾಡಿದರು. ಅವಸರವೇ ಇಲ್ಲ. ಒಂದು ಸ್ವರವನ್ನು ತಡವಿ, ಸವರಿ, ಆಮೇಲೆ ಮುಂದಿನದು.

ಕಪ್ಪು ನೀರು ಬೂದಿ ಬಣ್ಣಕ್ಕೆ ತಿರುಗಿತು. ಬೂದಿಯೊಳಗೆ ಕೆಂಪು ಕಂಡಿತು. ಫಕೀರೇಶ ಚಿಕ್ಕಂದಿನಿಂದ ಈ ಹೊಳೆಯನ್ನು ಕಂಡವನು. ಹೀಗೆ ಎಂದೂ ಕಂಡಿರಲಿಲ್ಲ.

ಹಾಡು ಏರುತ್ತ ಏರುತ್ತ ನಿಷಾದ ಸ್ವರಕ್ಕೆ ಬಂದು ನಿಂತಿತು. ಇನ್ನು ಒಂದೇ ಹೆಜ್ಜೆ, ಮೇಲಿನ ಸಾ. ಕೇಳುವವರ ಜೀವವೆಲ್ಲ ಆ ಸ್ವರಕ್ಕೆ ಕಾಯುವ ಜಾಗ ಅದು. ಗುರುಗಳು ನಿಷಾದವನ್ನು ಹಿಡಿದೇ ಇದ್ದರು.

ಆಗ ಗುರುಗಳು ನಿಲ್ಲಿಸಿಬಿಟ್ಟರು. ಸಾ ಹಚ್ಚಲಿಲ್ಲ. ಬಾಯಿ ತೆರೆದೇ ಇತ್ತು.

ಹೊಳೆಯಾಚೆ ಸೂರ್ಯನ ಅಂಚು ಮೂಡಿತು. ನೀರೆಲ್ಲ ಒಮ್ಮೆಗೇ ಹೊತ್ತಿಕೊಂಡಿತು.

ತಂಬೂರಿ ಯಾವಾಗ ನಿಂತಿತೋ ಫಕೀರೇಶನಿಗೆ ಗೊತ್ತಾಗಲಿಲ್ಲ. ಉಸಿರು ಕಟ್ಟಿತ್ತು. ಕಣ್ಣೀರು ಇಳಿಯುತ್ತಿತ್ತು. ಹಿಮದ ಮೇಲೆ ನಿಂತಿದ್ದಾಗ ಆದದ್ದೇ ಮತ್ತೆ ಆಗಿತ್ತು.

ಸೂರ್ಯ ಪೂರ್ತಿ ಮೇಲೆ ಬಂದ ಬಳಿಕ ಅವನು ಗುರುಗಳತ್ತ ತಿರುಗಿದ.

“ಗುರುಗಳ, ನೀವು ಮೇಲಿನ ಸಾ ಹಚ್ಚಲೇ ಇಲ್ಲಲ್ರಿ?”

ಗುರುಗಳ ಕಣ್ಣು ಇನ್ನೂ ಹೊಳೆಯಾಚೆಯ ಸೂರ್ಯನ ಮೇಲೇ ಇತ್ತು.

“ಅಲ್ಲಿ ಹಚ್ಚಿದರಲ್ಲೋ. ನಿನಗ ಕೇಳಸಲಿಲ್ಲೇನು?”